ಹಣಿಗೆಯ ಮುಂದೆ ಬಿಡಬೇಕಾದ ಗೇಣು

ನಮ್ಮ ಬೀದಿಯಲ್ಲಿ ಕರೆಂಟು ಹೋದಾಗ ಮಾತ್ರ ನಮ್ಮ ಮನೆಯ ಮಗ್ಗದ ಸದ್ದು ಕೇಳಿಸುತ್ತಿತ್ತು. ದೊಡ್ಡಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ. ನಮ್ಮ ಕಡೆ ಸಾಲು ಸಾಲು ಮನೆಗಳಲ್ಲಿ ವಿದ್ಯುತ್ ಮಗ್ಗಗಳಿವೆ. ಹಗಲೆಲ್ಲ ಗೋಡೆ ಅದುರುತ್ತಿರುತ್ತದೆ. ಗೂಡಿನಲ್ಲಿಟ್ಟ ಲೋಟ ತಾನಾಗಿ ಅಂಚಿಗೆ ಸರಿದು ಬರುತ್ತದೆ. ಪಕ್ಕದಲ್ಲಿ ಕೂತವರ ಜೊತೆಗೂ ಕೂಗಿಯೇ ಮಾತಾಡಬೇಕು, ಅದಕ್ಕೇ ನಮ್ಮೂರಿನವರು ಎಲ್ಲಿ ಹೋದರೂ ಗಂಟಲು ದೊಡ್ಡದು ಮಾಡುತ್ತಾರೆ ಅನ್ನುತ್ತಾರೆ. ಕರೆಂಟು ಹೋದ ಕೂಡಲೇ ಅಷ್ಟೂ ಸದ್ದು ಒಂದೇ ಸಲ ಬಿದ್ದುಹೋಗುತ್ತದೆ. ಆಗ ನಮ್ಮ ನಡುಮನೆಯಿಂದ ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗುವುದು, ಬಾಚಣಿಗೆಯಂಥ ಹಣಿಗೆ ಎಳೆಯನ್ನು ಒತ್ತಿ ಒಂದು ಸಲ ಬಡಿಯುವುದು, ಮತ್ತೆ ಲಾಳಿ, ಇಷ್ಟು ಕೇಳುತ್ತಿತ್ತು. ಅದು ನಮ್ಮಕ್ಕ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಕೈಮಗ್ಗದಲ್ಲಿ ಹತ್ತಿ ಬಟ್ಟೆ ನೇಯುತ್ತಿದ್ದಳು. ಎದುರುಮನೆಯವನು ಬಾಗಿಲಲ್ಲಿ ನಿಂತು, ಕರೆಂಟಿನವರಿಗಿಂತ ನಿಮ್ಮಕ್ಕನೇ ವಾಸಿ ಕಣಪ್ಪಾ, ಒಂದು ದಿನಾನೂ ಕೈ ಕೊಡಲ್ಲ ಅನ್ನುತ್ತಿದ್ದ.

ಈಗ ಕರೆಂಟು ಹೋದರೆ ಬೀದಿಯೂ ಸುಮ್ಮನಾಗುತ್ತದೆ, ಮನೆಯೂ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ನಾನು ಹೊರಗೆ ಹೋಗಿಬಿಡುತ್ತೇನೆ. ಯಾಕೆಂದು ಬರೆಯಬೇಕು ಅನ್ನಿಸಿ ಕೂತಿದ್ದೇನೆ. ಹೈಸ್ಕೂಲು ಓದಿದವನು ನಾನು, ಚಂದ ಮಾಡಿ ಬರೆಯಲು ಬರುವುದಿಲ್ಲ. ಪುಸ್ತಕಗಳ ಜೊತೆಗೇ ಬದುಕಿದವನು ಹೌದು. ಅವುಗಳ ಬೆನ್ನು ಹೊಲಿದವನು, ರಟ್ಟು ಕಟ್ಟಿದವನು. ಒಳಗೆ ಏನಿದೆಯೆಂದು ನೋಡಿದ್ದು ಕಡಿಮೆ.

ಹತ್ತನೇ ಕ್ಲಾಸು ಮುಗಿದ ಮೇಲೆ ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬೈಂಡಿಂಗ್ ಅಂಗಡಿಗೆ ಸೇರಿಸಿದರು. ಮಗ್ಗಕ್ಕೆ ನಾನು ಆಗುವುದಿಲ್ಲ ಅಂತ ಅಮ್ಮ ಮೊದಲೇ ತೀರ್ಮಾನ ಮಾಡಿದ್ದಳು. ಅವಳು ಹೇಳಿದ್ದು ಸರಿಯಾಗಿತ್ತು. ಎಳೆ ಕಂಡರೆ ನನಗೆ ಎಳೆಯುವ ಬುದ್ಧಿ. ಬೈಂಡಿಂಗ್ ಕೆಲಸದಲ್ಲಿ ಮಾತ್ರ ಕೈ ಕೂತಿತು. ಫಾರಂ ಅನ್ನುವ ದೊಡ್ಡ ಹಾಳೆಗಳನ್ನು ಮಡಿಸುವುದು, ಹೊಲಿಯುವುದು, ಮೈದಾ ಕಾಯಿಸಿ ಮೈಲುತುತ್ತ ಹಾಕಿ ಅಂಟು ಮಾಡುವುದು, ಬೆನ್ನಿಗೆ ಅಂಟು ಹಿಡಿಯಲೆಂದು ಅರದಿಂದ ಉಜ್ಜಿ ಒರಟು ಮಾಡುವುದು, ಕೊನೆಗೆ ಮೂರು ಕಡೆಯೂ ಅಂಚು ಕತ್ತರಿಸುವುದು. ಅಂಚು ಕತ್ತರಿಸುವುದರಲ್ಲಿ ನನ್ನನ್ನು ಮೀರಿಸುವವರು ಇಲ್ಲ ಅಂತ ಅಂಗಡಿಯ ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು. ಒಂದು ಹಾಳೆ ಹೊರಗೆ ಚಾಚಿದ್ದರೂ ನನಗೆ ಊಟ ಸೇರುತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮದುವೆ ನನಗೆ ಆಗಲಿಲ್ಲ. ಅಕ್ಕನಿಗೆ ಆಯಿತು. ಆದರೆ ಭಾವ ಬೇಗ ಹೋದರು, ಅವಳು ಮಗಳನ್ನು ಕರೆದುಕೊಂಡು ವಾಪಸು ಬಂದಳು. ಅಮ್ಮ ಇನ್ನೂ ಇದ್ದಳು. ಅಮ್ಮ ಹೋದ ಮೇಲೆ ಮಗ್ಗದ ಗುಂಡಿಗೆ ಅಕ್ಕ ಇಳಿದಳು. ಮಗಳು ದೊಡ್ಡವಳಾಗಿ, ಅವಳನ್ನು ಹೊಸಕೋಟೆ ಕಡೆಯವರಿಗೆ ಕೊಟ್ಟ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ, ಅಕ್ಕ ಮತ್ತು ತಮ್ಮ. ಅವಳು ಒಳಗೆ, ನಾನು ಅಂಗಡಿಯಲ್ಲಿ.

ಆಮೇಲೆ ಲೆಕ್ಕದ ಪುಸ್ತಕ ಕಟ್ಟಿಸುವವರು ಹೋದರು, ಗ್ರಂಥಾಲಯದವರು ಹರಿದ ಪುಸ್ತಕ ಕಳಿಸುವುದು ನಿಲ್ಲಿಸಿದರು, ಅಂಗಡಿ ಮುಚ್ಚಿತು. ನಾನು ಮುಂಬಾಗಿಲ ಪಡಸಾಲೆಯಲ್ಲೇ ಒಂದು ಮರದ ಪ್ರೆಸ್ಸು ಇಟ್ಟುಕೊಂಡು ಕೂತೆ. ಏನು ಮಾಡುವುದೆಂದು ತೋಚದೆ ಕೂತಿದ್ದಾಗ ಅಕ್ಕ ತಾನು ನೇಯ್ದ ನೀಲಿ ಕೆಂಪು ಪಟ್ಟೆಯ ಒಂದು ತುಂಡನ್ನು ತಂದು ನನ್ನ ಮುಂದೆ ಹಾಕಿದಳು. ರಟ್ಟಿಗೆ ಇದನ್ನು ಹಚ್ಚಿ ನೋಡು ಅಂದಳು. ಹಚ್ಚಿದೆ. ಖಾಲಿ ಹಾಳೆಯ ನೋಟ್ ಪುಸ್ತಕ, ಮೇಲೆ ಕೈಮಗ್ಗದ ಬಟ್ಟೆ. ಮಧ್ಯಾಹ್ನ ಊಟವಾದ ಮೇಲೆ ಅವಳು ಪುಟ ಗುರುತಿಗೆ ಸಣ್ಣ ಬಟ್ಟೆಪಟ್ಟಿಗಳಿಗೆ ಸೂಜಿಯಲ್ಲಿ ಅಂಚು ಹೊಲಿದು, ತುದಿಗೆ ಸೀರೆಗೆ ಹಾಕುವ ಹಾಗೆ ಕುಚ್ಚು ಕಟ್ಟುತ್ತಿದ್ದಳು. ನಂದಿ ಬೆಟ್ಟಕ್ಕೆ ಹೋಗುವವರು, ವಿಮಾನ ಹತ್ತುವವರು ಇಂಥದ್ದನ್ನು ಕೊಳ್ಳುತ್ತಾರೆಂದು ಗೊತ್ತಾದ ಮೇಲೆ ಭಾನುವಾರ ಭಾನುವಾರ ನಾನು ಚೀಲ ಹೊತ್ತು ದೇವನಹಳ್ಳಿಗೆ ಹೋಗತೊಡಗಿದೆ. ಅಲ್ಲಿ ಆವತಿ ಕಡೆಗೆ ಹೋಗುವ ದಾರಿಯಲ್ಲಿ ಕೈಕೆಲಸದ ಸಾಮಾನು ಮಾರುವ ಒಂದು ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದ ಹೆಂಗಸು ನಮ್ಮ ಪುಸ್ತಕಗಳನ್ನು ಕಿಟಕಿಯ ಹತ್ತಿರ ಬಿಸಿಲು ಬೀಳುವ ಕಡೆ ಜೋಡಿಸಿದ್ದಳು. ಆ ವರ್ಷಗಳನ್ನು ನಾನು ಒಳ್ಳೆಯ ವರ್ಷಗಳೆಂದೇ ಹೇಳಬೇಕು. ಆಗ ಹಾಗೆ ಅನ್ನಿಸಿರಲಿಲ್ಲ.

ಮಗ್ಗದ ಒಂದು ಸಂಗತಿ ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಅನ್ನುತ್ತೇವೆ. ಹಾಸಿನ ಒಂದೊಂದು ಎಳೆಯೂ ನೂಲಿನ ಒಂದು ಕುಣಿಕೆಯ ಒಳಗೆ ಹಾದು, ಆಮೇಲೆ ಬಾಚಣಿಗೆಯಂಥ ಹಣಿಗೆಯ ಒಂದು ಸಂದಿಯಲ್ಲಿ ತೂರಿ ಮುಂದೆ ಬರಬೇಕು. ಒಂದು ಹಾಸು ಮುಗಿದಾಗ ಬಟ್ಟೆಯನ್ನು ಪೂರ್ತಿ ಕತ್ತರಿಸಿ ತೆಗೆಯುವ ಹಾಗಿಲ್ಲ. ಹಣಿಗೆಯ ಮುಂದೆ ಒಂದು ಗೇಣು ಬಟ್ಟೆಯನ್ನು ಹಾಗೇ ಬಿಡಬೇಕು. ಹಳೆಯ ಎಳೆಗಳ ಹಿಂದಿನ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಇದನ್ನೇ ಕೆಚ್ಚುವುದು ಅನ್ನುತ್ತಾರೆ. ಆಮೇಲೆ ಮುಂದಿನ ಆ ಗೇಣು ಬಟ್ಟೆಯನ್ನು ಎಳೆದರೆ ಹೊಸ ಎಳೆಗಳು ಹಳೆಯವುಗಳ ಹಿಂದೆ ಹಿಂದೆಯೇ ಕುಣಿಕೆಯಲ್ಲಿ, ಹಣಿಗೆಯಲ್ಲಿ ಹಾದು ಬರುತ್ತವೆ. ಹೊಸದಾಗಿ ತೂರಿಸುವ ಕಷ್ಟವಿಲ್ಲ.

ನಮ್ಮ ಮಗ್ಗಕ್ಕೆ ಹಾಗೆ ಹೊಸದಾಗಿ ತೂರಿಸಿದ್ದು ಒಂದೇ ಸಲ. ಅದನ್ನು ಮಾಡಿದವಳು ಅಮ್ಮ. ಇಬ್ಬರು ಬೇಕಾದ ಕೆಲಸ ಅದು. ಒಬ್ಬರು ಹಿಂದೆ ಕೂತು ಎಳೆ ಆರಿಸಿ ಕೊಡಬೇಕು, ಇನ್ನೊಬ್ಬರು ಮುಂದಿನಿಂದ ಕೊಕ್ಕೆ ಹಾಕಿ ಎಳೆದುಕೊಳ್ಳಬೇಕು. ಅಮ್ಮ ಮುಂದೆ ಕೂತಿದ್ದಳು, ಇನ್ನೂ ಲಂಗ ಹಾಕುವ ವಯಸ್ಸಿನ ಅಕ್ಕ ಹಿಂದೆ. ನನ್ನನ್ನು, ಎಳೆ ಜಗ್ಗುತ್ತೇನೆಂದು, ಹಿತ್ತಲಿಗೆ ಅಟ್ಟಿದ್ದರು. ಅಕ್ಕ ಆ ದಿನಗಳ ಬಗ್ಗೆ ಆಗಾಗ ಹೇಳುತ್ತಿದ್ದಳು. ಎಳೆಗಳ ಸಂದಿಯಲ್ಲಿ ಅಮ್ಮನ ಮುಖ ಚೂರುಚೂರಾಗಿ ಕಾಣುತ್ತಿತ್ತಂತೆ. ಅಮ್ಮ ಅಷ್ಟು ಹತ್ತಿರ, ಅಷ್ಟು ಹೊತ್ತು ತನ್ನ ಎದುರಿಗೆ ಕೂತದ್ದು ಅದೊಂದೇ ಸಲವಂತೆ. ಮಧ್ಯೆ ಮಧ್ಯೆ ಹರಿದ ಕುಣಿಕೆಗಳನ್ನು ಅಕ್ಕ ಬದಲಾಯಿಸಿದ್ದಳು. ಅಮ್ಮನ ನೂಲು ಯಾವುದೂ ಅದರಲ್ಲಿ ಉಳಿದಿರಲಿಲ್ಲ, ಎಂದೋ ಬಟ್ಟೆಯಾಗಿ ಹೋಗಿತ್ತು. ಆದರೆ ಅಮ್ಮ ತೂರಿಸಿದ ದಾರಿ ಉಳಿದಿತ್ತು. ಆ ದಾರಿಯಲ್ಲೇ ಒಂದರ ಬೆನ್ನಿಗೆ ಒಂದು ಎಳೆ ಬರುತ್ತಲೇ ಇತ್ತು.

ಅಕ್ಕನ ಕಣ್ಣಿಗೆ ಪೊರೆ ಬಂತು. ಮಗಳು ತಾನೇ ಆಪರೇಷನ್ ಮಾಡಿಸುತ್ತೇನೆಂದು ಕರೆದಳು. ಅವರ ಮನೆ ಹೊಸಕೋಟೆಯಿಂದಾಚೆ ಪಿಲ್ಲಗುಂಪೆಯ ಹತ್ತಿರ, ಅಳಿಯ ಅಲ್ಲಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಹೋಗುವ ಮೊದಲು ಅಕ್ಕ ಹಾಸು ಮುಗಿಸಿದಳು. ಗೇಣು ಬಟ್ಟೆ ಬಿಟ್ಟು ಉಳಿದದ್ದನ್ನು ಕತ್ತರಿಸಿ ನನಗೆ ಕೊಟ್ಟಳು. ಹಿಂದಿನ ತುದಿಗಳನ್ನು ಗೊಂಚಲು ಗೊಂಚಲಾಗಿ ಒಂದು ಕೋಲಿಗೆ ಕಟ್ಟಿ, ಕೋಲನ್ನು ಹಗ್ಗದಿಂದ ಹಿಂದಿನ ಗೂಟಕ್ಕೆ ಬಿಗಿದಳು. ಬಂದ ಮೇಲೆ ಹೊಸ ಹಾಸು ಕೆಚ್ಚುತ್ತೇನೆ, ಇದರ ತಂಟೆಗೆ ಹೋಗಬೇಡ ಅಂದಳು. ನಾನು ಹೂಂ ಅಂದೆ. ಎಷ್ಟೋ ಸಲ ಹೇಳಿದ ಮಾತೇ ಅದು.

ಅವಳು ಹೋದ ಕೆಲವೇ ದಿನಕ್ಕೆ ಆವತಿ ದಾರಿಯ ಅಂಗಡಿಯಾಕೆ ಒಂದು ದೊಡ್ಡ ಪುಸ್ತಕ ಕೇಳಿದಳು. ಅಂಗಡಿಗೆ ಬಂದವರು ಹೆಸರು ಬರೆದು ನಾಲ್ಕು ಮಾತು ಗೀಚಿ ಹೋಗುವಂಥದ್ದು. ಅದೇ ನೀಲಿ ಕೆಂಪು ಪಟ್ಟೆ ಇರಲಿ, ಭಾನುವಾರಕ್ಕೆ ಬೇಕು, ನಿಮ್ಮ ಕೈಕೆಲಸವನ್ನು ನೋಡಲು ಬೆಂಗಳೂರಿನಿಂದ ಯಾರೋ ಬರುತ್ತಿದ್ದಾರೆ ಅಂದಳು. ನಿಮ್ಮ ಕೈಕೆಲಸ. ಈ ಎರಡು ಪದ ನನ್ನ ತಲೆಗೆ ಏರಿದವು. ನೇಯ್ದವಳು ನನ್ನ ಅಕ್ಕ ಎಂದು ನಾನು ಆಕೆಗೆ ಎಂದೂ ಹೇಳಿರಲಿಲ್ಲ. ಬಟ್ಟೆಯೂ ನಮ್ಮ ಮನೆಯದೇ ಅಂದಿದ್ದೆ, ಅಷ್ಟೆ. ಅದು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹಾಳೆ ಹೊಲಿದೆ, ರಟ್ಟು ಕತ್ತರಿಸಿದೆ. ಬಟ್ಟೆ ಅಳೆದು ನೋಡಿದರೆ ಮುಂದಿನ ರಟ್ಟಿಗೆ ಸಾಕು, ಹಿಂದಿನದಕ್ಕೆ ಕಡಿಮೆ. ಹಿಂದಿನ ರಟ್ಟಿಗೆ ಬರೀ ನೀಲಿ ಬಟ್ಟೆ ಹಚ್ಚಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಎರಡು ದಿನ ತಡವಾಗುತ್ತದೆ ಎಂದು ಫೋನು ಮಾಡಬಹುದಿತ್ತು. ಇದನ್ನೆಲ್ಲ ಆಮೇಲೆ ಯೋಚಿಸಿದೆ. ಆ ಬೆಳಿಗ್ಗೆ ನನ್ನ ಕಣ್ಣು ಮಗ್ಗದ ಮೇಲಿದ್ದ ಗೇಣು ಬಟ್ಟೆಯ ಕಡೆಗೇ ಹೋಗುತ್ತಿತ್ತು. ಅಳೆದೆ. ಅಂಚಿನಿಂದ ಹಣಿಗೆಯವರೆಗೆ ಪೂರ್ತಿ ತೆಗೆದರೆ ಸರಿಯಾಗಿ ಸಾಲುತ್ತದೆ.

ಎಳೆಗಳ ತುದಿಯನ್ನು ಹಣಿಗೆಯ ಮುಂದೆ ಬಿಟ್ಟು, ಗಂಟು ಹಾಕಿ, ಆಮೇಲೆ ಬಟ್ಟೆ ತೆಗೆದಿದ್ದರೂ ಮಗ್ಗ ಉಳಿಯುತ್ತಿತ್ತು. ಮಗ್ಗದ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ನನಗೂ ಗೊತ್ತಿರಬೇಕಿತ್ತು. ಆದರೆ ನನ್ನ ಕೈ ಬೈಂಡಿಂಗಿನ ಕೈ. ಅಂಚಿನಲ್ಲಿ ಎಳೆ ನೇತಾಡುವುದು ಅದಕ್ಕೆ ಆಗದು. ಚೂರಿ ಹಿಡಿದು ನೋಡಿದಾಗ ಹಣಿಗೆ ನನಗೆ ಹಣಿಗೆಯಾಗಿ ಕಾಣಲಿಲ್ಲ, ಒಳ್ಳೆಯ ಉದ್ದನೆಯ ಸ್ಕೇಲಾಗಿ ಕಂಡಿತು. ಅದಕ್ಕೆ ಒತ್ತಿ ಹಿಡಿದು ಎಡದಿಂದ ಬಲಕ್ಕೆ ಒಂದೇ ಎಳೆತಕ್ಕೆ ಕೊಯ್ದೆ. ನನ್ನ ಜೀವಮಾನದಲ್ಲೇ ಅಷ್ಟು ನೇರವಾದ ಅಂಚು ಕತ್ತರಿಸಿರಲಿಲ್ಲವೇನೋ.

ಚೂರಿ ಕೊನೆಗೆ ಬರುವಷ್ಟರಲ್ಲಿ ಹಿಂದೆ ಬಿಗಿದಿದ್ದ ಹಗ್ಗ ಸಡಿಲವಾಯಿತು. ಕೋಲು ತನ್ನ ಭಾರಕ್ಕೆ ಹಿಂದಕ್ಕೆ ಬಿತ್ತು. ಹಿಡಿಯುವವರಿಲ್ಲದ ಎಳೆಗಳು ಸರ್ರನೆ ಹಣಿಗೆಯಿಂದ ಜಾರಿದವು, ಕುಣಿಕೆಗಳಿಂದ ಜಾರಿದವು. ದೊಡ್ಡ ಸದ್ದೇನೂ ಆಗಲಿಲ್ಲ. ಸೆರಗು ಎಳೆದುಕೊಂಡು ಯಾರೋ ಎದ್ದು ಹೋದ ಹಾಗೆ. ಹಣಿಗೆಯ ಸಂದಿಗಳಲ್ಲಿ ಆಚೆ ಗೋಡೆ ಕಾಣಿಸಿತು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಬಟ್ಟೆಯನ್ನು ಎತ್ತಿಕೊಂಡು ಪಡಸಾಲೆಗೆ ಬಂದೆ, ಅಂಟು ಬಳಿದೆ, ಹಿಂದಿನ ರಟ್ಟಿಗೆ ಹಚ್ಚಿದೆ. ಪಟ್ಟೆಗೆ ಪಟ್ಟೆ ಕೂಡಿತು. ಪ್ರೆಸ್ಸಿಗಿಟ್ಟು ತಿರುಪು ಬಿಗಿದೆ. ಭಾನುವಾರ ಕೊಂಡೊಯ್ದು ಕೊಟ್ಟೆ. ಅಂಗಡಿಯಾಕೆ ಕೈಯಲ್ಲಿ ಸವರಿ ನೋಡಿ ಬಹಳ ಚೆನ್ನಾಗಿದೆ ಅಂದಳು. ಬೆಂಗಳೂರಿನವರು ಬರಲಿಲ್ಲ.

ಅಕ್ಕ ದಿನಾ ಸಂಜೆ ಫೋನು ಮಾಡುತ್ತಿದ್ದಳು. ಊಟ ಆಯಿತಾ, ಏನು ಸಾರು, ಮಗ್ಗ ಹೇಗಿದೆ. ಇದೆ ಅನ್ನುತ್ತಿದ್ದೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದಾರಂತೆ, ಮೊಮ್ಮಗಳು ತನ್ನನ್ನು ಪೊಲೀಸಜ್ಜಿ ಅನ್ನುತ್ತಾಳಂತೆ ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಫೋನಿಟ್ಟ ಮೇಲೆ ನಡುಮನೆಯ ದೀಪ ಹಾಕದೆ ಅಡುಗೆಮನೆಗೆ ದಾಟಿಹೋಗುತ್ತಿದ್ದೆ.

ಅವಳು ಬರುವ ದಿನ ಹತ್ತಿರವಾದಾಗ ಸುಳ್ಳು ತಾನಾಗಿ ಬಂದು ಕೈಗೆ ಕೂತಿತು. ಅಂಟಿನ ವಾಸನೆಗೆ ಇಲಿ ಬರುವುದು ನನ್ನ ಕಸುಬಿನಲ್ಲಿ ಮಾಮೂಲು. ಇಲಿ ಕಡಿದಿದೆ ಎಂದರಾಯಿತು. ಆದರೆ ತುದಿಗಳು ನೇರವಾಗಿದ್ದವು, ಅವಳ ಬೆರಳಿಗೆ ಗೊತ್ತಾಗಿಬಿಡುತ್ತದೆ. ಪುಸ್ತಕದ ಬೆನ್ನು ಒರಟು ಮಾಡುವ ಅರ ತಂದು ಎಳೆಗಳ ತುದಿಗಳನ್ನು ಗೊಂಚಲು ಗೊಂಚಲಾಗಿ ಉಜ್ಜಿದೆ. ಒಂದನ್ನು ಉದ್ದ ಬಿಟ್ಟೆ, ಒಂದನ್ನು ಗಿಡ್ಡ ಮಾಡಿದೆ. ನೋಡಿದರೆ ನನಗೇ ನಂಬಿಕೆ ಬರುವ ಹಾಗಾಯಿತು. ಪೇಟೆಗೆ ಹೋಗಿ ಇಲಿ ಬೋನು ತಂದು ಮಗ್ಗದ ಪಕ್ಕದಲ್ಲಿಟ್ಟೆ. ಅದಕ್ಕೆ ದಿನಾ ಹೋಟೆಲಿನಿಂದ ವಡೆ. ಎದುರುಮನೆಯವನು ಕಂಡು ತಮಾಷೆ ಮಾಡಿದ: "ಏನಪ್ಪಾ, ಇಲಿಗೆ ದಿನಾ ಮಸಾಲೆ ವಡೆ, ನಮಗೆ ಒಂದಿನಾನೂ ಇಲ್ಲ. ಮುಂದಿನ ಜನ್ಮಕ್ಕೆ ನಿಮ್ಮನೇಲಿ ಇಲಿಯಾಗೇ ಹುಟ್ತೀನಿ ಬಿಡು." ಇಲ್ಲದ ಇಲಿಗೆ ಇಟ್ಟ ವಡೆಯನ್ನು ಬೆಳಿಗ್ಗೆ ನಾನೇ ಕಾಗೆಗೆ ಹಾಕುತ್ತಿದ್ದೆ.

ಮಗಳು ಅಕ್ಕನನ್ನು ಕರೆತಂದು ಬಿಟ್ಟಳು. ಅಕ್ಕ ಚಪ್ಪಲಿ ಬಿಟ್ಟವಳೇ ನಡುಮನೆಗೆ ಹೋದಳು. ನಾನು ಪಡಸಾಲೆಯಲ್ಲೇ ನಿಂತು, ಇಲಿ ಕಡಿದುಬಿಟ್ಟಿವೆ ಅಕ್ಕ, ಬಟ್ಟೆಯ ಚೂರುಗಳನ್ನು ಗುಡಿಸಿ ಹಾಕಿದೆ, ನಿನಗೆ ಹೇಳಿದರೆ ಕಣ್ಣಿಗೆ ತ್ರಾಸು ಅಂತ ಹೇಳಲಿಲ್ಲ ಎಂದೆ. ಈ ಮಾತನ್ನು ಎಷ್ಟೋ ಸಲ ಒಳಗೇ ಹೇಳಿಕೊಂಡು ಅಭ್ಯಾಸ ಮಾಡಿದ್ದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ನಿನ್ನ ಹಾಳು ಮೈದಾ ಅಂಟಿನಿಂದ ಆಯಿತು ಅನ್ನುತ್ತಾಳೆ, ನಾನು ತಲೆ ತಗ್ಗಿಸಿದರೆ ಮುಗಿಯಿತು ಎಂದು ಲೆಕ್ಕ ಹಾಕಿದ್ದೆ. ಅವಳು ಅದನ್ನು ಅನ್ನಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು, ಖಾಲಿ ಹಣಿಗೆಯ ಮೇಲೆ ಒಂದು ಸಲ ಕೈ ಆಡಿಸಿ, ಎಳೆಯ ತುದಿಯೊಂದನ್ನು ನಾಲಿಗೆಗೆ ಮುಟ್ಟಿಸಿದಳು.

"ಗಂಜಿ ಗಟ್ಟಿಯಾಗಿತ್ತು ಕಣೋ," ಅಂದಳು. "ಕಣ್ಣು ಮಂಜಾಗಿತ್ತಲ್ಲ, ಅಂದಾಜಿನ ಮೇಲೆ ಹಾಕ್ಬಿಟ್ಟೆ. ರಾಗಿ ಘಮಕ್ಕೆ ಬಂದಿವೆ. ಅವುಗಳದ್ದೇನು ತಪ್ಪು."

ಹಾಸು ಗಟ್ಟಿಯಾಗಲೆಂದು ನೂಲಿಗೆ ರಾಗಿ ಗಂಜಿ ಹಾಕುವುದು ವಾಡಿಕೆ. ತೆಳುವಾದರೆ ಎಳೆ ತುಂಡಾಗುತ್ತದೆ, ಹೆಚ್ಚಾದರೆ ಹುಳ, ಇಲಿ. ಆ ಹದ ಅವಳಿಗೆ ಅಮ್ಮ ಕಲಿಸಿದ್ದು. ಅದರಲ್ಲಿ ತಪ್ಪಿದೆ ಎಂದು ಅವಳು ತೀರ್ಮಾನಿಸಿದಳು. ನಾನು ಪಡಸಾಲೆಯಲ್ಲಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ತಪ್ಪು ತನ್ನದೆಂದು ಅವಳೇ ಎತ್ತಿಕೊಂಡಾಗ ನನಗೆ ಹಗುರಾಯಿತು. ಇದನ್ನು ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ. ಆ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಹಗುರಾಗಿತ್ತು.

ಹೊಸದಾಗಿ ತೂರಿಸೋಣವೇ ಎಂದು ನಾನು ಬಾಯಿಮಾತಿಗೆ ಕೇಳಿದೆ. ಬೇಡ, ಕಣ್ಣು ಬಂದರೂ ಕೈ ಹೋಗಿದೆ ಅಂದಳು. ಕೆಲವು ದಿನ ಇದ್ದಳು. ಅಡುಗೆ ಮಾಡಿ ಬಡಿಸಿ ಹಿತ್ತಲಲ್ಲಿ ಕೂರುತ್ತಿದ್ದಳು. ಕರೆಂಟು ಹೋದಾಗ ಎದ್ದು ಬೇರೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಆಮೇಲೆ ಮಗಳ ಮನೆಗೆ ಹೋಗಿ ಬರುತ್ತೇನೆಂದು ಹೋದಳು. ಬರಲಿಲ್ಲ. ಲಾಳಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು ಹೋಗಿದ್ದಳು.

ಬಟ್ಟೆ ಇಲ್ಲದ ಮೇಲೆ ನನ್ನ ಪುಸ್ತಕವೂ ನಿಂತಿತು. ಪೇಟೆಯಲ್ಲಿ ಮೀಟರುಗಟ್ಟಲೆ ಬಟ್ಟೆ ಸಿಗುತ್ತದೆ, ತಂದು ಕೆಲವನ್ನು ಕಟ್ಟಿದೆ. ಅಂಗಡಿಯಾಕೆ ಒಂದು ಸಲ ತೆಗೆದುಕೊಂಡಳು, ಎರಡನೇ ಸಲ ಇದು ಅದಲ್ಲವಲ್ಲ ಅಂದಳು. ನಾನು ಅನ್ನ ಸಾರು ಮಾಡಿಕೊಳ್ಳುತ್ತೇನೆ, ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು ಬರುತ್ತೇನೆ. ಅಕ್ಕನ ಫೋನು ದಿನಾ ಬರುತ್ತಿದ್ದದ್ದು ವಾರಕ್ಕೊಂದಕ್ಕೆ ಇಳಿಯಿತು. ಮಗ್ಗ ಹೇಗಿದೆ ಎಂದು ಕೇಳುವುದನ್ನು ನಿಲ್ಲಿಸಿದ್ದಳು. ಕೇಳಲಿ ಎಂದು ಕಾಯುತ್ತಿದ್ದೆ. ಕೇಳಿದರೆ ಏನೆನ್ನುವುದು ಎಂದು ಹೆದರುತ್ತಲೂ ಇದ್ದೆ.

ಹೋದ ವರ್ಷ ಅಕ್ಕನ ಮಗಳು ಫೋನು ಮಾಡಿದಳು. ಅಳಿಯನ ತಂಗಿಗೆ ಮಗುವಾಗಿತ್ತು. ಮಗುವಿಗೆ ಹಳೆಯ ಮೆತ್ತನೆಯ ಸೀರೆಗಳನ್ನು ಪದರ ಮಾಡಿ ಒಂದು ಕೌದಿ ಹೊಲಿದುಕೊಡಿ ಎಂದು ಎಲ್ಲರೂ ಅಕ್ಕನನ್ನು ಕೇಳಿದರಂತೆ. ಅಕ್ಕ ಸೂಜಿ ಮುಟ್ಟಲಿಲ್ಲವಂತೆ. ತನ್ನ ಕೈಯ ಹದ ಕೆಟ್ಟಿದೆ, ಎಳೆ ಮಗುವಿನ ಕೆಲಸ, ತನ್ನಿಂದ ಬೇಡ ಅಂದಳಂತೆ. ಮುದ್ದೆಗೆ ಹಿಟ್ಟು ಹಾಕುವಾಗಲೂ ಇಷ್ಟು ಸಾಕಾ ಎಂದು ಮಗಳನ್ನು ಕರೆದು ತೋರಿಸುತ್ತಾಳಂತೆ. "ಮಾವ, ಅಮ್ಮ ಹಿಂಗಿರ್ಲಿಲ್ಲ," ಅಂದಳು ಹುಡುಗಿ. "ಅಲ್ಲಿ ಏನಾದ್ರೂ ಆಯ್ತಾ?"

ಬರುತ್ತೇನೆ ಎಂದಷ್ಟೇ ಹೇಳಿದೆ.

ಮಾರನೆಯ ಬೆಳಿಗ್ಗೆ ದೇವನಹಳ್ಳಿ ಬಸ್ಸು ಹಿಡಿದೆ, ಅಲ್ಲಿಂದ ಸೂಲಿಬೆಲೆ ಮೇಲೆ ಹೊಸಕೋಟೆ. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳ ನಡುವೆ ಹೊಸ ಕಾಂಪೌಂಡುಗಳು. ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು, ಬಸ್ಸಿನಲ್ಲಿ ಯಾರೂ ತಲೆ ಎತ್ತಲಿಲ್ಲ. ನಾನು ಹೇಳಬೇಕಾದದ್ದನ್ನು ಜೋಡಿಸಿಕೊಳ್ಳಲು ನೋಡಿದೆ. ಸುಳ್ಳನ್ನು ಅಭ್ಯಾಸ ಮಾಡಿದ್ದ ಹಾಗೆ ನಿಜವನ್ನು ಅಭ್ಯಾಸ ಮಾಡಲು ಆಗಲಿಲ್ಲ.

ಅವರದು ಸಾಲುಮನೆಗಳಲ್ಲಿ ಒಂದು. ಮುಂದೆ ಸಣ್ಣ ಜಗಲಿ, ಜಗಲಿಯ ಮುಂದೆ ಫ್ಯಾಕ್ಟರಿ ಬಸ್ಸುಗಳು ನಿಲ್ಲುವ ರಸ್ತೆ. ಅಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಏನು ಹೇಳದೆ ಕೇಳದೆ ಬಂದೆ ಅಂದಳು. ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಾಯಿ ಸುಲಿದೆ. ಆಮೇಲೆ ಹೇಳಿದೆ. ಇಲಿ ಬಂದಿರಲಿಲ್ಲ, ನಾನೇ ಕೊಯ್ದದ್ದು, ಒಂದು ಪುಸ್ತಕದ ಹಿಂದಿನ ರಟ್ಟಿಗೆ. ಹಣಿಗೆಗೆ ಚೂರಿ ಒತ್ತಿ ಕೊಯ್ದೆ. ತುದಿಯನ್ನು ಅರದಲ್ಲಿ ಉಜ್ಜಿದೆ, ಬೋನು ತಂದು ವಡೆ ಇಟ್ಟೆ. ಒಂದನ್ನೂ ಬಿಡದೆ ಹೇಳಿದೆ.

ಅವಳ ಕೈ ನಿಂತಿತು. ರಸ್ತೆಯಲ್ಲಿ ಒಂದು ಬಸ್ಸು ಬಂತು, ಜನ ಇಳಿದರು, ಹೋಯಿತು.

"ಹಂಗಾದ್ರೆ ಗಂಜಿ ಸರಿಯಾಗಿತ್ತಾ?" ಅಂದಳು.

ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ, ಅಳುವಿಗೆ ಸಿದ್ಧನಾಗಿದ್ದೆ. ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಸರಿಯಾಗಿತ್ತು ಅಕ್ಕ ಅಂದೆ. ಅವಳು ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಮೊರವನ್ನು ಪಕ್ಕಕ್ಕಿಟ್ಟು ತನ್ನ ಎರಡು ಅಂಗೈಯನ್ನೂ ಸ್ವಲ್ಪ ಹೊತ್ತು ನೋಡಿಕೊಂಡಳು. ಆ ಎರಡು ವರ್ಷ ಅವಳು ಯಾವುದರ ಜೊತೆಗೆ ಮಲಗಿ ಎದ್ದಿದ್ದಳು ಎಂದು ನನಗೆ ಆಗ ಗೊತ್ತಾಯಿತು. ಬಟ್ಟೆ ಹೋದದ್ದಕ್ಕಿಂತ, ಅಮ್ಮನ ದಾರಿ ಹೋದದ್ದಕ್ಕಿಂತ, ತನ್ನ ಹದ ಹೋಯಿತೆಂಬುದು ಅವಳಿಗೆ ದೊಡ್ಡದಾಗಿತ್ತು. ಅದನ್ನು ಅವಳಿಂದ ಕಿತ್ತುಕೊಂಡದ್ದು ಚೂರಿಯಲ್ಲ, ಆಮೇಲಿನ ನನ್ನ ಬಾಯಿ.

"ಬೋನಿನ ವಡೆ ಯಾರು ತಿಂದ್ರು?" ಎಂದು ಕೇಳಿದಳು.

"ಕಾಗೆ."

ಅವಳು ನಕ್ಕಳೋ ಏನೋ, ಮುಖ ಆ ಕಡೆ ತಿರುಗಿಸಿದ್ದರಿಂದ ಕಾಣಲಿಲ್ಲ. ಆಮೇಲೆ ಒಳಗೆ ಹೋದಳು. ಸೂಜಿ ಡಬ್ಬಿ ಎಲ್ಲಿ ಎಂದು ಮಗಳನ್ನು ಕೇಳುವುದು ನನಗೆ ಕೇಳಿಸಿತು. ಮಧ್ಯಾಹ್ನ ಮಗಳೇ ನನಗೆ ಬಡಿಸಿದಳು. ಅಕ್ಕ ಒಳಕೋಣೆಯಲ್ಲಿ ಸೀರೆಯ ಪದರಗಳನ್ನು ಹರಡಿಕೊಂಡು ಕೂತಿದ್ದಳು.

ಹೊರಡುವಾಗ ಬಾಗಿಲಿಗೆ ಬಂದಳು. ಊರಿಗೆ ಬಾ ಅಕ್ಕ ಅಂದೆ.

"ಬರೋದು ಇರ್ಲಿ," ಅಂದಳು. "ನೀನು ಬಿಚ್ಚಿದ್ದು, ನೀನೇ ತೂರಿಸು."

ಅದು ಇಬ್ಬರ ಕೆಲಸವಲ್ಲವೇ ಅಂದೆ.

"ಗೊತ್ತು," ಅಂದು ಒಳಗೆ ಹೋದಳು.

ಅಂದಿನಿಂದ ತೂರಿಸುತ್ತಿದ್ದೇನೆ. ಕೊಕ್ಕೆಯನ್ನು ಹಳೆಯ ಛತ್ರಿಯ ಕಡ್ಡಿಯಿಂದ ಮಾಡಿಕೊಂಡೆ. ಹೊಸ ನೂಲನ್ನು ಬೀದಿಯ ಕೊನೆಯ ಮನೆಯವರು ಹಾಸು ಮಾಡಿಕೊಟ್ಟರು. ಗಂಜಿಯನ್ನು ಅಕ್ಕ ಫೋನಿನಲ್ಲೇ ಹೇಳಿ ಮಾಡಿಸಿದಳು. ಒಲೆಯ ಮುಂದೆ ನಿಲ್ಲು, ಸೌಟು ಎತ್ತು, ಹೇಗೆ ಬೀಳುತ್ತದೆ ಹೇಳು ಅಂದಳು. ಹೇಳಿದೆ. ಇನ್ನಷ್ಟು ನೀರು ಅಂದಳು. ಎಳೆಗಳನ್ನು ಹಿಂದಿನ ಕೋಲಿಗೆ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಸಣ್ಣ ಸಣ್ಣ ಗೊಂಚಲು ಮಾಡಿಕೊಂಡಿದ್ದೇನೆ. ಹಿಂದೆ ಹೋಗಿ ಒಂದು ಎಳೆ ಆರಿಸಿ ಕುಣಿಕೆಯ ಬಾಯಿಗೆ ತಂದಿಡುತ್ತೇನೆ. ಎದ್ದು ಸುತ್ತಿ ಮುಂದೆ ಬರುತ್ತೇನೆ. ಕೊಕ್ಕೆ ಹಾಕುವಷ್ಟರಲ್ಲಿ ಅದು ಜಾರಿರುತ್ತದೆ. ಮತ್ತೆ ಹಿಂದೆ. ಮಂಡಿ ನೋವು, ಭೂತಗನ್ನಡಿ ಹಿಡಿದರೂ ಕಣ್ಣಲ್ಲಿ ನೀರು. ಅಮ್ಮ ಅಕ್ಕ ಎದುರುಬದುರಾಗಿ ಕೂತು ಮುಗಿಸಿದ್ದನ್ನು ನಾನು ನನ್ನ ಎದುರಿಗೆ ನಾನೇ ಕೂತು ಮಾಡುತ್ತಿದ್ದೇನೆ. ಎಳೆಗಳ ಸಂದಿಯಲ್ಲಿ ಆ ಕಡೆ ನೋಡಿದರೆ ಕ್ಯಾಲೆಂಡರು ಕಾಣುತ್ತದೆ.

ಅಕ್ಕ ಭಾನುವಾರ ಫೋನು ಮಾಡುತ್ತಾಳೆ. ಊಟದ ವಿಚಾರ ಕೇಳುವುದಿಲ್ಲ. ಎಲ್ಲಿಯವರೆಗೆ ಬಂತು ಅನ್ನುತ್ತಾಳೆ. ಹೇಳುತ್ತೇನೆ. ಹೂಂ ಅನ್ನುತ್ತಾಳೆ. ಮಗುವಿನ ಕೌದಿ ಮುಗಿಯಿತು ಎಂದು ಒಂದು ಸಲ ತಾನಾಗಿ ಹೇಳಿದಳು. ಬರುತ್ತೇನೆ ಅಂದಿಲ್ಲ. ನಾನೂ ಕೇಳಿಲ್ಲ.

ಈ ವಾರ ಹಣಿಗೆಯ ನಡು ದಾಟಿದೆ. ನಿನ್ನೆ ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಿದ್ದಾಗ ನೋಡುತ್ತೇನೆ, ಶುರುವಿನ ಹತ್ತಿರವೇ ತಪ್ಪಿದೆ. ಒಂದೇ ಕುಣಿಕೆಯಲ್ಲಿ ಎರಡು ಎಳೆ ಹೋಗಿವೆ, ಅಲ್ಲಿಂದಾಚೆ ಎಲ್ಲವೂ ಒಂದೊಂದು ಸರಿದಿವೆ. ನೇಯ್ದರೆ ಬಟ್ಟೆಯುದ್ದಕ್ಕೂ ಒಂದು ಗೀರು ಬರುತ್ತದೆ. ಅಕ್ಕ ಅಲ್ಲಿದ್ದಾಳೆ, ನೋಡುವವರು ಯಾರೂ ಇಲ್ಲ. ಗೀರಿನ ಮೇಲೆ ಬೆನ್ನಿನ ಪಟ್ಟಿ ಹಚ್ಚಿದರೆ ಪುಸ್ತಕದಲ್ಲಿ ಕಾಣುವುದೂ ಇಲ್ಲ. ಹಾಗೆ ಯೋಚಿಸಿದೆ ಎಂಬುದನ್ನೂ ಬರೆದಿಡುತ್ತೇನೆ.

ಭಾನುವಾರದವರೆಗೆ ಕಾಯದೆ ಫೋನು ಮಾಡಿದೆ. ಅಕ್ಕ, ಶುರುವಿನಲ್ಲೇ ತಪ್ಪಿದ್ದೀನಿ ಅಂದೆ. ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿತು. ನಿಲ್ಲಿಸಿ ಬಂದಳು.

"ಅಲ್ಲೀವರೆಗೂ ಬಿಚ್ಚು," ಅಂದಳು. ಮತ್ತೆ, "ಒಂದೊಂದೇ ಬಿಚ್ಚು. ಒಟ್ಟಿಗೆ ಎಳೀಬೇಡ," ಅಂದಳು.

ಎಳೆಯುವುದಿಲ್ಲ ಅಂದೆ. ಫೋನನ್ನು ಗೂಡಿನಲ್ಲಿ ಲಾಳಿಗಳ ಪಕ್ಕದಲ್ಲಿಟ್ಟು, ಹಣಿಗೆಯ ಮುಂದೆ ಕೂತು ಬಿಚ್ಚತೊಡಗಿದೆ.